ಚಿಕೋರಿ ಆಮೇಲೆ, ಮೊದಲು ಬೀಜ ಕೇಳಿ

ಕಾಫಿಪುಡಿ ಅಂಗಡಿಯಲ್ಲಿ ಹೆಚ್ಚಾಗಿ ಕೇಳಿಬರುವ ಮಾತು, ‘ಕಾಲು ಕೆ.ಜಿ. ಕೊಡಿ, ಎಂಬತ್ತು–ಇಪ್ಪತ್ತು.’ ಚಿಕೋರಿ ಇಪ್ಪತ್ತು, ಸರಿ. ಉಳಿದ ಎಂಬತ್ತರಲ್ಲಿ ಯಾವ ಬೀಜ ಇದೆ ಎಂದು ಕೇಳುವವರು ಕಡಿಮೆ. ರುಚಿಯೆಲ್ಲ ಇರುವುದು ಅಲ್ಲಿ.

ಹಂತ 1: ಪುಡಿ ಮಾಡಿಸುವ ಮೊದಲು ಹುರಿದ ಬೀಜವನ್ನು ಅಂಗೈಗೆ ಹಾಕಿಸಿಕೊಂಡು ನೋಡಿ. ಅರೇಬಿಕಾ ಕೊಂಚ ಉದ್ದ, ಚಪ್ಪಟೆ. ನಡುವಿನ ಸೀಳು ಡೊಂಕಾಗಿರುತ್ತದೆ. ರೊಬಸ್ಟಾ ದುಂಡಗೆ, ಸೀಳು ಹೆಚ್ಚುಕಡಿಮೆ ನೇರ. ಅರೇಬಿಕಾದಲ್ಲಿ ಘಮ ಜಾಸ್ತಿ, ನಾಲಗೆಗೆ ತೆಳು ಹುಳಿ, ಕಹಿ ಕಡಿಮೆ. ರೊಬಸ್ಟಾ ಕಹಿ, ಡಿಕಾಕ್ಷನ್ ದಟ್ಟ, ಕೆಫೀನ್ ಸುಮಾರು ಎರಡರಷ್ಟು. ರಾತ್ರಿ ನಿದ್ದೆ ಬಾರದವರು ಇದನ್ನು ಗಮನಿಸಬೇಕು.

ಬಾಬಾಬುಡನ್‌ಗಿರಿಯಂಥ ಸಾವಿರ ಮೀಟರ್ ಮೇಲಿನ ತಂಪು ಜಾಗ ಅರೇಬಿಕಾಕ್ಕೆ ಒಗ್ಗುತ್ತದೆ. ಆದರೆ ಎಲೆ ತುಕ್ಕು ರೋಗ, ಬಿಳಿ ಕಾಂಡಕೊರಕದ ಕಾಟ ಅದಕ್ಕೆ ತಪ್ಪಿದ್ದಲ್ಲ. ರೊಬಸ್ಟಾ ತಗ್ಗಿನಲ್ಲೂ ಬರುತ್ತದೆ, ಗಟ್ಟಿ ಗಿಡ. ಕೊಡಗಿನಲ್ಲಿ ಇದರದೇ ಮೇಲುಗೈ. ಇಡೀ ದೇಶದ ಫಸಲಿನಲ್ಲೂ ಹೆಚ್ಚಿನ ಪಾಲು ರೊಬಸ್ಟಾದ್ದೇ.

ರೊಬಸ್ಟಾ ಎಂದರೆ ಕಳಪೆ ಎಂದು ಮೂಗು ಮುರಿಯುವವರಿದ್ದಾರೆ. ಹಾಲು, ಸಕ್ಕರೆ ಹಾಕಿ ಕುಡಿಯುವ ನಮಗೆ ಆ ಮಾತು ಹೊಂದುವುದಿಲ್ಲ. ಬರೀ ಅರೇಬಿಕಾದ ಡಿಕಾಕ್ಷನ್‌ಗೆ ಗಟ್ಟಿ ಹಾಲು ಬೆರೆಸಿದರೆ ಅದರ ನಯವೆಲ್ಲ ಮುಳುಗಿಹೋಗುತ್ತದೆ. ಎರಡು ಪಾಲು ಅರೇಬಿಕಾ, ಒಂದು ಪಾಲು ರೊಬಸ್ಟಾದಿಂದ ಶುರು ಮಾಡಿ ಎಂಬುದು ನನ್ನ ಸಲಹೆ.

ಹಂತ 2: ‘ಪಾರ್ಚ್‌ಮೆಂಟೋ, ಚೆರಿಯೋ?’ ಎಂದು ಕೇಳಿ. ಹಣ್ಣಿನ ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಕಣದಲ್ಲಿ ಹರವಿ ಒಣಗಿಸಿದ್ದು ಚೆರಿ. ಹೀಗೆ ಎರಡು ತಳಿ, ಎರಡು ವಿಧಾನ ಸೇರಿ ಮಾರುಕಟ್ಟೆಯಲ್ಲಿ ನಾಲ್ಕು ಸರಕು. ಅಂಗಡಿ ಬೋರ್ಡಿನ ‘ಪ್ಲಾಂಟೇಶನ್ ಎ’ ಎಂದರೆ ಕ್ಯೂರಿಂಗ್ ಆದ, ಅಂದರೆ ಹೊಟ್ಟು ಬಿಡಿಸಿ ವಿಂಗಡಿಸಿದ, ಅರೇಬಿಕಾ ಪಾರ್ಚ್‌ಮೆಂಟ್. ತೊಳೆದ ಬೀಜದ ರುಚಿ ಸ್ವಚ್ಛ. ಚೆರಿಯದ್ದು ಭಾರ, ಕೆಲವೊಮ್ಮೆ ಮಣ್ಣಿನ ವಾಸನೆ. ನಿಮ್ಮ ಕಾಫಿ ಗಂಟಲಲ್ಲಿ ಒರಟಾಗಿ ಇಳಿಯುತ್ತಿದ್ದರೆ ರೊಬಸ್ಟಾ ಬಿಡಬೇಕಿಲ್ಲ, ರೊಬಸ್ಟಾ ಚೆರಿಯ ಬದಲು ರೊಬಸ್ಟಾ ಪಾರ್ಚ್‌ಮೆಂಟ್ ಹಾಕಿಸಿ. ನಾಲ್ಕು ಕಾಸು ಹೆಚ್ಚಾದೀತು, ವ್ಯತ್ಯಾಸ ಮೊದಲ ಲೋಟದಲ್ಲೇ ತಿಳಿಯುತ್ತದೆ.

‘ಎಎ’, ‘ಎ’, ‘ಬಿ’ಗಳು ಜರಡಿ ಹಿಡಿದು ಬೇರ್ಪಡಿಸಿದ ಗಾತ್ರದ ಗುರುತು. ದೊಡ್ಡ ಬೀಜವೆಲ್ಲ ರುಚಿಯ ಬೀಜವಲ್ಲ. ಪೀಬೆರಿಯೂ ಬೇರೆ ತಳಿಯಲ್ಲ: ಹಣ್ಣಿನೊಳಗೆ ಜೋಡಿ ಬೀಜದ ಬದಲು ಒಂದೇ ಬೆಳೆದಾಗ ಅದು ಬಟಾಣಿಯಂತೆ ದುಂಡಾಗುತ್ತದೆ. ಇದು ಅರೇಬಿಕಾದಲ್ಲೂ ಸಿಗುತ್ತದೆ, ರೊಬಸ್ಟಾದಲ್ಲೂ ಸಿಗುತ್ತದೆ. ‘ಪೀಬೆರಿ ಸಾರ್, ಸ್ಪೆಷಲ್’ ಎಂದರೆ ‘ಯಾವುದರದ್ದು?’ ಎಂದು ಕೇಳಿಯೇ ದುಡ್ಡು ಕೊಡಿ.

ತೋಟದ ಬೇಲಿಯಂಚಿನ ಮರ ಕಾಫಿ, ಕರಾವಳಿಯ ಮಳೆಗಾಳಿಗೆ ಒಡ್ಡಿ ಉಬ್ಬಿಸಿದ ಮಾನ್ಸೂನ್ಡ್ ಮಲಬಾರ್ ಕೂಡ ಇವೆ. ದಿನಬಳಕೆಗೆ ಅವು ಸಿಗುವುದು ಅಪರೂಪ.

ಹಂತ 3: ಹುರಿ ಹದವಾಗಿರಲಿ. ಕಪ್ಪಗಾಗಿ ಎಣ್ಣೆ ಜಿನುಗುವಷ್ಟು ಹುರಿದರೆ ಯಾವ ಬೀಜವಾದರೂ ಸೀದ ರುಚಿಯೇ.

ಹಂತ 4: ಈಗ ಚಿಕೋರಿ. ಇದು ಒಂದು ಗಿಡದ ಬೇರು, ಕೆಫೀನ್ ಇಲ್ಲ. ಬಣ್ಣ, ಮಂದ ಕೊಡುತ್ತದೆ. ನಿಯಮದ ಪ್ರಕಾರ ಮಿಶ್ರಣದಲ್ಲಿ ಶೇ 51ಕ್ಕಿಂತ ಕಡಿಮೆ ಕಾಫಿ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. ಅನುಮಾನವಿದ್ದರೆ ಲೋಟದ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ಹೆಚ್ಚಾಗಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ಬೇಗ ತಳಕ್ಕಿಳಿಯುತ್ತದೆ.

ಹಂತ 5: ಅರೇಬಿಕಾ, ರೊಬಸ್ಟಾ ಎರಡನ್ನೂ ನೂರು ನೂರು ಗ್ರಾಂ, ಚಿಕೋರಿ ಇಲ್ಲದೆ, ಬೇರೆ ಬೇರೆಯಾಗಿ ಫಿಲ್ಟರ್‌ಗೆ ಪುಡಿ ಮಾಡಿಸಿ ತನ್ನಿ. ಅಳತೆ ಒಂದೇ ಇಟ್ಟು ಎರಡು ಡಿಕಾಕ್ಷನ್ ಇಳಿಸಿ. ಮೊದಲು ಬರೀ ಡಿಕಾಕ್ಷನ್ ಒಂದೊಂದು ಚಮಚ ನಾಲಗೆಗೆ, ಆಮೇಲೆ ಹಾಲು ಬೆರೆಸಿ. ಬಳಿಕ ಎರಡನ್ನೂ ಬೇರೆ ಬೇರೆ ಪಾಲಿನಲ್ಲಿ ಕೂಡಿಸಿ ನೋಡಿ, ಮನೆಮಂದಿ ಒಪ್ಪಿದ ಪಾಲನ್ನು ಬರೆದಿಟ್ಟುಕೊಳ್ಳಿ. ಪುಡಿಯನ್ನು ಒಮ್ಮೆಗೆ ಹದಿನೈದು ದಿನಕ್ಕೆ ಸಾಲುವಷ್ಟೇ ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಒದ್ದೆ ಚಮಚ ಮಾತ್ರ ಹಾಕಬೇಡಿ.