ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ: ಎರರ್ ಕೊಡದ ತಪ್ಪುಗಳು

ಡಿಬಿಎಂಎಸ್ ಲ್ಯಾಬ್‌ನಲ್ಲಿ ನಾಲ್ಕು ಕ್ವೆರಿ ಬರೆದ ಮೇಲೆ ನಮಗೆಲ್ಲ ಒಂದು ಧೈರ್ಯ ಬರುತ್ತೆ. ಎಸ್‌ಕ್ಯೂಎಲ್ ಅಂದ್ರೆ ಎಸ್‌ಕ್ಯೂಎಲ್, ಕೆಳಗೆ ಯಾವ ಡೇಟಾಬೇಸ್ ಇದ್ದರೇನು? ಸೆಲೆಕ್ಟ್, ಜಾಯಿನ್, ಗ್ರೂಪ್ ಬೈ ಎಲ್ಲ ಕಡೆ ಒಂದೇ ತಾನೇ. ಇದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನ ಬಗ್ಗೆ ಈ ಲೇಖನ. ಒಂದು ವೆಬ್ ಅಪ್ಲಿಕೇಶನ್ನನ್ನು ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಸಾಗಿಸುವಾಗ ತೊಂದರೆ ಕೊಡೋದು ಆ ಕಾಲು ಪಾಲೇ.

ಮೊದಲು, ಯಾಕೆ ಸಾಗಿಸ್ತಾರೆ ಅಂತ ನೋಡೋಣ. ಒರಾಕಲ್ ಎಂಟರ್‌ಪ್ರೈಸ್ ಎಡಿಷನ್ನಿನ ಪಟ್ಟಿ ಬೆಲೆ ಒಂದು ಪ್ರೊಸೆಸರ್ ಲೈಸೆನ್ಸಿಗೆ 47,500 ಡಾಲರ್. ಇಂಟೆಲ್ ಚಿಪ್‌ಗಳಲ್ಲಿ ಎರಡು ಕೋರ್‌ಗೆ ಒಂದು ಲೈಸೆನ್ಸ್ ಲೆಕ್ಕ. ಅಂದರೆ 16 ಕೋರ್ ಇರುವ ಒಂದೇ ಸರ್ವರ್‌ಗೆ 3,80,000 ಡಾಲರ್. ಅದರ ಮೇಲೆ ಪ್ರತಿ ವರ್ಷ ಸಪೋರ್ಟ್‌ಗೆ 22 ಪರ್ಸೆಂಟ್, ಅಂದರೆ ಇನ್ನೂ 83,600. ಚೌಕಾಸಿ ಮಾಡಿ ಕಡಿಮೆ ಮಾಡಿಸಿಕೊಳ್ಳೋರು ಇರ್ತಾರೆ, ಅದು ಬೇರೆ ಮಾತು. ಪೋಸ್ಟ್‌ಗ್ರೆಸ್ 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ ಪ್ರಾಜೆಕ್ಟ್‌ನಿಂದ ಬಂದದ್ದು. ಇದರ ಲೈಸೆನ್ಸಿಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಇಂಥ ಬದಲಾವಣೆ ಅಂದ ತಕ್ಷಣ ಎಲ್ಲರೂ ಹೇಳೋ ಉದಾಹರಣೆ ಅಮೆಜಾನ್. 2019ರಲ್ಲಿ ಅದು ಸುಮಾರು 7,500 ಒರಾಕಲ್ ಡೇಟಾಬೇಸ್‌ಗಳನ್ನು, 75 ಪೆಟಾಬೈಟ್ ಡೇಟಾವನ್ನು, ಸಾಗಿಸಿದ್ದಾಗಿ ಹೇಳಿತು. ಆದರೆ ಅದು ಹೋದದ್ದು ಅಮೆಜಾನ್‌ನದೇ ಕ್ಲೌಡ್ ಸೇವೆಗಳಿಗೆ. ಪೂರ್ತಿ ಓಪನ್ ಸೋರ್ಸ್ ಕಥೆ ಅಂತ ನಾನಂತೂ ಒಪ್ಪಲ್ಲ.

ಟೇಬಲ್‌ಗಳನ್ನು ಸಾಗಿಸೋದು ಸುಲಭದ ಭಾಗ. ಓರಾ-ಟು-ಪಿಜಿ ಅನ್ನೋ ಉಚಿತ ಟೂಲ್ ಇದೆ. ಅದು ಒರಾಕಲ್ ಸ್ಕೀಮಾ ಓದಿ ಪೋಸ್ಟ್‌ಗ್ರೆಸ್‌ಗೆ ಬೇಕಾದ ಸ್ಕ್ರಿಪ್ಟ್ ಬರೆದುಕೊಡುತ್ತೆ. ಎಷ್ಟು ದಿನದ ಕೆಲಸ ಅಂತ ಒಂದು ಅಂದಾಜನ್ನೂ ಹೇಳುತ್ತೆ. ಎನ್‌ವಿಎಲ್ ಜಾಗದಲ್ಲಿ ಕೋಲೆಸ್, ರೋನಮ್ ಜಾಗದಲ್ಲಿ ಲಿಮಿಟ್, ಕನೆಕ್ಟ್ ಬೈ ಜಾಗದಲ್ಲಿ ವಿತ್ ರಿಕರ್ಸಿವ್. ಇವನ್ನು ಬದಲಾಯಿಸೋಕೆ ಮರೆತರೂ ಭಯ ಇಲ್ಲ. ಕ್ವೆರಿ ಓಡಿಸಿದ ತಕ್ಷಣ ಎರರ್ ಬರುತ್ತೆ, ಸರಿಮಾಡ್ತೀವಿ. ಕಷ್ಟ ಇರೋದು ಎರರ್ ಇಲ್ಲದೆ ತಪ್ಪು ಉತ್ತರ ಬರೋ ಕಡೆ.

ಅದರಲ್ಲಿ ದೊಡ್ಡದು ಖಾಲಿ ಸ್ಟ್ರಿಂಗ್. ಒರಾಕಲ್‌ಗೆ ಖಾಲಿ ಸ್ಟ್ರಿಂಗ್ ಬೇರೆ, ನಲ್ ಬೇರೆ ಅಲ್ಲ. ಖಾಲಿ ಸ್ಟ್ರಿಂಗ್ ಕೊಟ್ಟರೆ ಅದು ನಲ್ ಅಂತಲೇ ಇಟ್ಟುಕೊಳ್ಳುತ್ತೆ. ಪೋಸ್ಟ್‌ಗ್ರೆಸ್‌ಗೆ ಇವೆರಡೂ ಬೇರೆ ಬೇರೆ. ಇನ್ನೊಂದು ವ್ಯತ್ಯಾಸ: ಎರಡು ಅಡ್ಡಗೆರೆ ಹಾಕಿ ಸ್ಟ್ರಿಂಗ್ ಜೋಡಿಸುವಾಗ ಒರಾಕಲ್ ನಲ್ಲನ್ನು ಏನೂ ಇಲ್ಲ ಅಂತ ಬಿಟ್ಟುಬಿಡುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ತುಂಡು ನಲ್ ಆದರೂ ಇಡೀ ಉತ್ತರ ನಲ್.

ಇದರಿಂದ ಏನಾಗುತ್ತೆ ನೋಡಿ. ಒಂದು ಕಾಲೇಜಿನ ಹಾಲ್ ಟಿಕೆಟ್ ಪೋರ್ಟಲ್ ಅಂದುಕೊಳ್ಳಿ. ಇನಿಷಿಯಲ್‌ಗೆ ಒಂದು ಕಾಲಮ್, ಹೆಸರಿಗೆ ಒಂದು ಕಾಲಮ್. ನಮ್ಮಲ್ಲಿ ಇನಿಷಿಯಲ್ ಇಲ್ಲದವರು ಎಷ್ಟು ಜನ ಬೇಕಾದರೂ ಸಿಗ್ತಾರೆ, ಅವರದ್ದು ಒರಾಕಲ್‌ನಲ್ಲಿ ನಲ್. ಕ್ವೆರಿ ಇನಿಷಿಯಲ್ ಮತ್ತು ಹೆಸರು ಜೋಡಿಸಿ ಪ್ರಿಂಟ್ ಮಾಡುತ್ತೆ. ಪೋಸ್ಟ್‌ಗ್ರೆಸ್‌ಗೆ ಬಂದ ಮೇಲೆ ಅದೇ ಕ್ವೆರಿ ಓಡುತ್ತೆ, ಎರರ್ ಇಲ್ಲ, ಆದರೆ ಅವರ ಹಾಲ್ ಟಿಕೆಟ್‌ನಲ್ಲಿ ಹೆಸರಿನ ಜಾಗ ಖಾಲಿ! ಟೆಸ್ಟ್ ಮಾಡೋರು ಏನು ಮಾಡ್ತಾರೆ? ಹೊಸದಾಗಿ ಒಂದು ವಿದ್ಯಾರ್ಥಿಯ ಎಂಟ್ರಿ ಹಾಕಿ, ಇನಿಷಿಯಲ್ ಬಿಟ್ಟು, ಸೇವ್ ಒತ್ತಿ ನೋಡ್ತಾರೆ. ಫಾರ್ಮ್‌ನಿಂದ ಬಂದದ್ದು ಖಾಲಿ ಸ್ಟ್ರಿಂಗ್, ನಲ್ ಅಲ್ಲ. ಆದ್ದರಿಂದ ಹೆಸರು ಸರಿಯಾಗೇ ಪ್ರಿಂಟ್ ಆಗುತ್ತೆ, ಟೆಸ್ಟ್ ಪಾಸ್. ಹಳೆಯ ಸಾಲುಗಳು ಮಾತ್ರ ಕೆಟ್ಟಿರುತ್ತವೆ.

ಇದೇ ತಿರುಗುಮುರುಗಾಗಿಯೂ ಆಗುತ್ತೆ. ಫೋನ್ ನಂಬರ್ ಕೊಡದವರನ್ನು ಹುಡುಕೋಕೆ ಈಸ್ ನಲ್ ಅಂತ ಬರೆದಿದ್ದರೆ ಹಳಬರು ಸಿಗ್ತಾರೆ, ಹೊಸಬರು ಸಿಗಲ್ಲ. ಪರಿಹಾರ ಕಷ್ಟದ್ದೇನಲ್ಲ. ಜೋಡಿಸೋಕೆ ಕಾನ್‌ಕ್ಯಾಟ್ ಫಂಕ್ಷನ್ ಬಳಸಿ, ಅದು ನಲ್ಲನ್ನು ಬಿಟ್ಟು ಮುಂದೆ ಹೋಗುತ್ತೆ. ಫಾರ್ಮ್‌ನ ಖಾಲಿ ಸ್ಟ್ರಿಂಗನ್ನು ಅಪ್ಲಿಕೇಶನ್ನಿನಲ್ಲೇ ನಲ್ ಮಾಡಿ ಕಳಿಸಿ, ಜೊತೆಗೆ ಟೇಬಲ್‌ಗೆ ಖಾಲಿ ಸ್ಟ್ರಿಂಗ್ ಬೇಡ ಅಂತ ಒಂದು ಚೆಕ್ ಕನ್‌ಸ್ಟ್ರೇಂಟ್ ಹಾಕಿ.

ಕನ್ನಡ ಡೇಟಾ ಇದ್ದರೆ ಇನ್ನೊಂದು ಸ್ವಾರಸ್ಯ ಇದೆ. ಒರಾಕಲ್‌ನಲ್ಲಿ ವಾರ್‌ಚಾರ್-2 ಕಾಲಮ್‌ಗೆ 20 ಅಂತ ಕೊಟ್ಟರೆ, ಬೇರೆ ಏನೂ ಹೇಳದಿದ್ದಲ್ಲಿ ಅದು 20 ಬೈಟ್. ಪೋಸ್ಟ್‌ಗ್ರೆಸ್‌ನಲ್ಲಿ ವಾರ್‌ಚಾರ್ 20 ಅಂದರೆ 20 ಕ್ಯಾರೆಕ್ಟರ್. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೂ 3 ಬೈಟ್ ಬೇಕು. ‘ಶ್ರೀನಿವಾಸ’ ಅಂತ ಬರೆಯಿರಿ. ನಮ್ಮ ಕಣ್ಣಿಗೆ 4 ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ 9, ಬೈಟ್ ಲೆಕ್ಕದಲ್ಲಿ 27. ಒರಾಕಲ್ ಇದನ್ನು ಹಿಡಿಸಲ್ಲ ಅನ್ನುತ್ತೆ, ಪೋಸ್ಟ್‌ಗ್ರೆಸ್ ಆರಾಮಾಗಿ ಇಟ್ಟುಕೊಳ್ಳುತ್ತೆ. ಇಲ್ಲಿ ಬದಲಾವಣೆ ನಮಗೆ ಲಾಭವೇ. ಆದರೆ ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿ ಇಟ್ಟ ಡೇಟಾ ಇದ್ದರೆ ಅದು ಡೇಟಾಬೇಸ್‌ನ ಕಣ್ಣಿಗೆ ಕನ್ನಡವೇ ಅಲ್ಲ, ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಯಾವ ಮೈಗ್ರೇಷನ್ ಟೂಲ್ ಕೂಡ ಅದನ್ನು ತಾನಾಗೇ ಯುನಿಕೋಡ್ ಮಾಡಲ್ಲ. ಅದಕ್ಕೆ ಬೇರೆಯೇ ಕನ್ವರ್ಟರ್ ಬೇಕು.

ದಿನಾಂಕದ್ದು ಚಿಕ್ಕ ವಿಷಯ, ಆದರೆ ಕೈಕೊಡುತ್ತೆ. ಒರಾಕಲ್‌ನ ಡೇಟ್ ಒಳಗೆ ಗಂಟೆ, ನಿಮಿಷ, ಸೆಕೆಂಡ್ ಕೂಡ ಇದೆ. ಪೋಸ್ಟ್‌ಗ್ರೆಸ್‌ನ ಡೇಟ್‌ನಲ್ಲಿ ದಿನ ಮಾತ್ರ. ಹೆಸರು ಒಂದೇ ಅಂತ ಡೇಟ್‌ನಿಂದ ಡೇಟ್‌ಗೆ ಹಾಕಿದರೆ ಸಂಜೆ 5ಕ್ಕೆ ಮುಂಚೆ ಫೀಸ್ ಕಟ್ಟಿದವರು ಯಾರು, ಆಮೇಲೆ ಕಟ್ಟಿದವರು ಯಾರು ಅನ್ನೋ ಮಾಹಿತಿಯೇ ಹೋಯ್ತು. ಟೈಮ್‌ಸ್ಟ್ಯಾಂಪ್‌ಗೆ ಹಾಕಬೇಕು.

ಟ್ರಾನ್ಸಾಕ್ಷನ್ ನಡುವೆ ಎರರ್ ಬಂದಾಗಲೂ ಇಬ್ಬರ ಸ್ವಭಾವ ಬೇರೆ. ಹಳೆಯ ಕೋಡ್‌ನಲ್ಲಿ ಈ ಪದ್ಧತಿ ಬಹಳ: ಮೊದಲು ಇನ್‌ಸರ್ಟ್ ಮಾಡಿ ನೋಡು, ಆಗಲೇ ಇದೆ ಅಂತ ಎರರ್ ಬಂದರೆ ಅಪ್‌ಡೇಟ್ ಮಾಡು. ಒರಾಕಲ್‌ನಲ್ಲಿ ಆ ಒಂದು ಇನ್‌ಸರ್ಟ್ ಮಾತ್ರ ವಿಫಲ, ಉಳಿದದ್ದು ಮುಂದುವರಿಯುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಟ್ರಾನ್ಸಾಕ್ಷನ್ ಕೆಟ್ಟಂತೆ. ರೋಲ್‌ಬ್ಯಾಕ್ ಆಗುವವರೆಗೆ ಮುಂದಿನ ಯಾವ ಕ್ವೆರಿಯನ್ನೂ ಅದು ಮುಟ್ಟಲ್ಲ. ಇದನ್ನು ಆನ್ ಕಾನ್‌ಫ್ಲಿಕ್ಟ್ ಬಳಸಿ ಬರೆಯಬೇಕು, ಇಲ್ಲವೇ ನಡುವೆ ಸೇವ್‌ಪಾಯಿಂಟ್ ಇಡಬೇಕು. ನನ್ನ ಪ್ರಕಾರ ಪೋಸ್ಟ್‌ಗ್ರೆಸ್ ಮಾಡೋದೇ ಸರಿ, ಆದರೆ ಹತ್ತು ವರ್ಷದ ಕೋಡ್ ಇಟ್ಟುಕೊಂಡು ಕೂತವರು ಒಪ್ಪಲಿಕ್ಕಿಲ್ಲ.

ಎಲ್ಲಕ್ಕಿಂತ ಹೆಚ್ಚು ದಿನ ತಿನ್ನೋದು ಪಿಎಲ್-ಎಸ್‌ಕ್ಯೂಎಲ್ ಪ್ಯಾಕೇಜ್‌ಗಳು. ಪೋಸ್ಟ್‌ಗ್ರೆಸ್‌ನಲ್ಲಿ ಪ್ಯಾಕೇಜ್ ಅನ್ನೋದೇ ಇಲ್ಲ. ಸ್ಕೀಮಾ ಒಳಗೆ ಫಂಕ್ಷನ್‌ಗಳಾಗಿ ಬಿಡಿಸಿ ಬರೆಯಬೇಕು. ಲಾಜಿಕ್ ಎಲ್ಲ ಡೇಟಾಬೇಸ್ ಒಳಗೇ ಇರುವ ಅಪ್ಲಿಕೇಶನ್ ಆದರೆ ಲೈಸೆನ್ಸ್‌ನಲ್ಲಿ ಉಳಿಸಿದ ದುಡ್ಡಿನ ಒಳ್ಳೇ ಪಾಲು ಇಲ್ಲೇ ಸಂಬಳಕ್ಕೆ ಹೋಗುತ್ತೆ.

ಪರೀಕ್ಷೆ ಹೇಗೆ ಮಾಡೋದು? ಸಾಲುಗಳ ಎಣಿಕೆ ಸರಿ ಇದೆ ಅಂತ ಸುಮ್ಮನಾಗಬೇಡಿ. ಮೇಲಿನ ಹಾಲ್ ಟಿಕೆಟ್ ಉದಾಹರಣೆಯಲ್ಲೂ ಎಣಿಕೆ ಸರಿಯಾಗೇ ಇತ್ತು. ಅಪ್ಲಿಕೇಶನ್ ಓಡಿಸುವ ಕ್ವೆರಿಗಳನ್ನು ಎರಡೂ ಡೇಟಾಬೇಸ್‌ನಲ್ಲಿ ಹಳೆಯ ಡೇಟಾ ಮೇಲೆ ಓಡಿಸಿ, ಬಂದ ಉತ್ತರಗಳನ್ನು ಫೈಲ್‌ಗೆ ಹಾಕಿ, ಡಿಫ್ ಮಾಡಿ. ಕೊನೆಯ ಸಲ ಡೇಟಾ ಕಾಪಿ ಆದ ಮೇಲೆ ಪ್ರತಿ ಸೀಕ್ವೆನ್ಸನ್ನೂ ಆ ಟೇಬಲ್‌ನ ಅತಿ ದೊಡ್ಡ ಐಡಿಗೆ ಹೊಂದಿಸಿ. ಇಲ್ಲದಿದ್ದರೆ ಬೆಳಗ್ಗೆ ಮೊದಲು ರಿಜಿಸ್ಟರ್ ಮಾಡಿದವರಿಗೇ ಡುಪ್ಲಿಕೇಟ್ ಕೀ ಎರರ್. ಆಮೇಲೆ ಅನಲೈಜ್ ಕಮಾಂಡ್ ಓಡಿಸಿ. ಅದಿಲ್ಲದೆ ಪ್ಲಾನರ್‌ಗೆ ಟೇಬಲ್ ಎಷ್ಟು ದೊಡ್ಡದು, ಒಳಗೆ ಎಂಥ ಡೇಟಾ ಇದೆ ಅಂತ ಸರಿಯಾಗಿ ಗೊತ್ತಿರಲ್ಲ. ಇಂಡೆಕ್ಸ್ ಇದ್ದರೂ ಕ್ವೆರಿ ತೆವಳುತ್ತೆ, ಜನ ಪೋಸ್ಟ್‌ಗ್ರೆಸ್ಸನ್ನು ಬೈತಾರೆ.