ಎರಡನೆಯ ಸಾಕ್ಷಿಗೆ ಕಾಯಬೇಕು

ಪ್ರೀತಿಯ ಮಗಳೇ,

ಭೌತವಿಜ್ಞಾನದಲ್ಲಿ ಸಂಶೋಧನೆಗೆ ಹೊರಟಿದ್ದೀಯ, ಬಹಳ ಸಂತೋಷ. ನಿನಗೆ ಹೇಳಬೇಕಾದ್ದು ಒಂದೇ ಮಾತು: ಅಳತೆಯನ್ನು ನಂಬು, ತೀರ್ಪಿಗೆ ಅವಸರ ಬೇಡ. ಅವಳಿ ಬಾಹ್ಯಾಕಾಶ ನೌಕೆಗಳಾದ ವಾಯೇಜರ್ 1 ಮತ್ತು 2 ಕಾಸ್ಮಿಕ್ ಕಿರಣಗಳನ್ನು ಎಣಿಸಿದ ಕಥೆಯಲ್ಲಿ ಈ ಪಾಠ ಚೆನ್ನಾಗಿ ಸಿಗುತ್ತದೆ.

ನಕ್ಷತ್ರಗಳ ನಡುವಿನಿಂದ ಬರುವ ಈ ಕಣಗಳಿಗೆ ಸೌರಮಂಡಲದೊಳಗೆ ಸಲೀಸಾದ ದಾರಿಯಿಲ್ಲ. ಸೂರ್ಯನಿಂದ ಹೊಮ್ಮುವ ಕಣಗಳ ಹರಿವಾದ ಸೌರಮಾರುತ ಹೊತ್ತೊಯ್ಯುವ ಕಾಂತಕ್ಷೇತ್ರ, ಕಡಿಮೆ ಶಕ್ತಿಯ ಕಣಗಳನ್ನು ಬಹುಪಾಲು ತಡೆದುಬಿಡುತ್ತದೆ. ಸುಮಾರು 11 ವರ್ಷಗಳ ಚಕ್ರದಲ್ಲಿ ಸೂರ್ಯನ ಚಟುವಟಿಕೆ ಹೆಚ್ಚಿದಾಗ ಈ ತಡೆ ಬಿಗಿಯಾಗುತ್ತದೆ, ತಗ್ಗಿದಾಗ ಸಡಿಲವಾಗುತ್ತದೆ. ಹಾಗಾಗಿ ದೂರ ಹೋಗುತ್ತಿರುವ ನೌಕೆಯಲ್ಲಿ ಎಣಿಕೆ ಏರಿದರೆ ಕಾರಣ ದೂರವೋ ಕಾಲವೋ? ಬೇರೆ ಬೇರೆ ದೂರದಲ್ಲಿರುವ ಎರಡು ನೌಕೆಗಳು ಏಕಕಾಲಕ್ಕೆ ಎಣಿಸಿದಾಗಲೇ ಇದನ್ನು ಬಿಡಿಸಿ ನೋಡಲು ಸಾಧ್ಯ.

2004ರ ಡಿಸೆಂಬರಿನಲ್ಲಿ ವಾಯೇಜರ್ 1, ಸೌರಮಾರುತ ಥಟ್ಟನೆ ವೇಗ ಕಳೆದುಕೊಳ್ಳುವ ಆಘಾತದ ಅಂಚನ್ನು ದಾಟಿತು. ಹೊರಗಿನ ಕಿರಣಗಳಂತಲ್ಲದೆ ಸೌರಮಂಡಲದೊಳಗೇ ವೇಗ ಪಡೆಯುವ 'ಅಸಂಗತ ಕಾಸ್ಮಿಕ್ ಕಿರಣ'ಗಳಿಗೆ ಆ ವೇಗ ಸಿಗುವುದು ಅಲ್ಲೇ, ಎಣಿಕೆಯ ಶಿಖರ ಅಲ್ಲೇ ಕಾಣಬೇಕು ಎಂಬುದು ಅನೇಕರ ನಿರೀಕ್ಷೆ. ಶಿಖರ ಕಾಣಲಿಲ್ಲ, ಆಚೆಗೆ ಹೋದಂತೆ ಎಣಿಕೆ ಇನ್ನೂ ಏರಿತು. ಸಿದ್ಧಾಂತವನ್ನೇ ಮತ್ತೆ ತಿದ್ದಬೇಕಾಯಿತು.

2012ರ ಆಗಸ್ಟ್ 25ರಂದು, ಭೂಮಿ–ಸೂರ್ಯರ ಅಂತರದ ಸುಮಾರು 121 ಪಟ್ಟು ದೂರದಲ್ಲಿ, ಒಳಗಿನ ಕಣಗಳ ಎಣಿಕೆ ಕುಸಿದು ಹೊರಗಿನ ಕಾಸ್ಮಿಕ್ ಕಿರಣಗಳ ಎಣಿಕೆ ಜಿಗಿಯಿತು. ಸೌರಮಾರುತದ ಹರಹು ಮುಗಿಯುವ ಗಡಿಯನ್ನು ವಾಯೇಜರ್ 1 ದಾಟಿತೆಂದು ಸಾರಬಹುದಿತ್ತು. ಆದರೆ ಕಾಂತಕ್ಷೇತ್ರದ ದಿಕ್ಕು ನಿರೀಕ್ಷಿಸಿದಂತೆ ತಿರುಗಿರಲಿಲ್ಲ. ಸುತ್ತಲಿನ ಪ್ಲಾಸ್ಮಾವನ್ನು, ಅಂದರೆ ವಿದ್ಯುದಾವೇಶ ಹೊತ್ತ ಅನಿಲವನ್ನು, ನೇರವಾಗಿ ಅಳೆಯುವ ಉಪಕರಣ 1980ರಲ್ಲೇ ಕೆಟ್ಟಿತ್ತು. ವಾಯೇಜರ್ ಯೋಜನೆಯ ಮುಖ್ಯ ವಿಜ್ಞಾನಿಯಾಗಿದ್ದ ಎಡ್ ಸ್ಟೋನ್ ಅವರ ತಂಡ ಕಾಯಿತು. 2012ರ ಮಾರ್ಚಿನಲ್ಲಿ ಸೂರ್ಯನ ಮೇಲಾದ ಸ್ಫೋಟದ ಅಲೆ 2013ರ ಏಪ್ರಿಲ್ ಹೊತ್ತಿಗೆ ನೌಕೆಯಿದ್ದಲ್ಲಿಗೆ ತಲುಪಿ ಪ್ಲಾಸ್ಮಾ ಕಂಪಿಸುವಂತೆ ಮಾಡಿತು. ಕಂಪನದ ಆವರ್ತನದಿಂದ ಸಾಂದ್ರತೆ ಲೆಕ್ಕ ಹಾಕಿದರೆ, ಗಡಿಯ ಒಳಗಿನದಕ್ಕಿಂತ 40 ಪಟ್ಟಿಗೂ ಹೆಚ್ಚು! ಗಡಿ ದಾಟಿದ ಘೋಷಣೆ ಹೊರಬಿದ್ದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. 2018ರ ನವೆಂಬರ್ 5ರಂದು ವಾಯೇಜರ್ 2 ಕೂಡ ಗಡಿ ದಾಟಿತು. ಅದರ ಪ್ಲಾಸ್ಮಾ ಉಪಕರಣ ಚಾಲನೆಯಲ್ಲಿದ್ದುದರಿಂದ ಬದಲಾವಣೆಯನ್ನು ನೇರವಾಗಿಯೇ ಅಳೆಯಿತು.

ವಿದ್ಯುತ್ ಉಳಿಸಲು 2025ರ ಫೆಬ್ರವರಿಯಲ್ಲಿ ವಾಯೇಜರ್ 1ರ ಕಾಸ್ಮಿಕ್ ಕಿರಣ ಉಪಕರಣವನ್ನು ನಿಲ್ಲಿಸಿದರು. 1977ರಿಂದ ಅದು ಕೂಡಿಟ್ಟ ಎಣಿಕೆಯಲ್ಲಿ ನಿನ್ನಂಥವರಿಗೆ ಇನ್ನೂ ಬೇಕಾದಷ್ಟು ಕೆಲಸವಿದೆ.

ನಿನ್ನ ಗ್ರಾಫ್ ಏಕಾಏಕಿ ಏರಿದ ದಿನ ಮೊದಲು ತಾರೀಖು ಹಾಕಿ ಬರೆದಿಡು. ಬೇರೊಂದು ಉಪಕರಣ ಏನು ಹೇಳುತ್ತದೆ ನೋಡು. ಒಪ್ಪದ ಅಂಕಿಯನ್ನು ಮುಚ್ಚಿಡಬೇಡ, ಅದನ್ನೇ ಎಲ್ಲರ ಮುಂದಿಡು. ತಡವಾದರೂ ನಿಲ್ಲುವ ಮಾತನ್ನೇ ಆಡು.

ಇಂತು ನಿನ್ನ ಹಿತೈಷಿ