ಪೇಟೆಯ ಧಾರಣೆಯನ್ನು ಸ್ಕ್ರಿಪ್ಟಿನ ಮೂಲಕ ತಿಳಿಯುವ ಕ್ರಮ

ಗುಡಗೇರಿಯ ಸುತ್ತಲಿನ ಎರೆಭೂಮಿಯಲ್ಲಿ ಬೆಳೆಯುವ ಒಣ ಮೆಣಸಿನಕಾಯಿಯು ಬ್ಯಾಡಗಿ, ಹುಬ್ಬಳ್ಳಿ ಪೇಟೆಗಳಿಗೆ ಹೋಗುವದು. ಮಾಲು ಒಮ್ಮೆ ಅಡತಿ ಅಂಗಡಿಯ ಮುಂದೆ ಇಳಿದ ಮೇಲೆ, ಧಾರಣೆ ಮನಸ್ಸಿಗೆ ಬಾರದಿದ್ದರೂ, ಮರಳಿ ತರುವ ಬಾಡಿಗೆಗೆ ಅಂಜಿ ಒಕ್ಕಲಿಗನು ಅಲ್ಲಿಯೇ ಮಾರಿಬಿಡುವದುಂಟು. ಆದಕಾರಣ ಚೀಲ ಹೊಲಿಯುವ ಮೊದಲೇ ಧಾರಣೆಯನ್ನು ತಿಳಿದುಕೊಳ್ಳುವದು ಹಿತಕರವು.

ದೇಶದ ಪೇಟೆಗಳ ದಿನದಿನದ ಧಾರಣೆಗಳನ್ನು ಭಾರತ ಸರಕಾರವು 2000ನೆಯ ಇಸವಿಯಲ್ಲಿ ಆರಂಭಿಸಿದ ಅಗ್‌ಮಾರ್ಕ್‌ನೆಟ್ ವ್ಯವಸ್ಥೆಯಲ್ಲಿ ಕೂಡಿಸಲಾಗುವದು. 2012ರಲ್ಲಿ ತೆರೆಯಲ್ಪಟ್ಟ ಡೇಟಾ ಡಾಟ್ ಗವ್ ಡಾಟ್ ಇನ್ ಎಂಬ ಸರಕಾರಿ ಜಾಲತಾಣವು ಅವನ್ನು ಏ.ಪಿ.ಐ. ಮೂಲಕವೂ ಒದಗಿಸುವದು. ಏ.ಪಿ.ಐ. ಎಂದರೆ ಒಂದು ಯಂತ್ರವು ಕೇಳಿದ್ದಕ್ಕೆ ಇನ್ನೊಂದು ಯಂತ್ರವು ಉತ್ತರ ಕೊಡುವ ಖಿಡಕಿಯು. ಹೀಗೆ ಕೇಳುವ ಕೆಲಸವನ್ನು ಗಣಕಯಂತ್ರವು ತಾನಾಗಿ ಮಾಡುವಂತೆ ಬರೆದಿಟ್ಟ ಆಜ್ಞೆಗಳೇ ಸ್ಕ್ರಿಪ್ಟು. ಪೈಥಾನ್ ಭಾಷೆ ಬಲ್ಲ ಊರ ತರುಣನು ಇದನ್ನು ಕೆಲವೇ ಸಾಲುಗಳಲ್ಲಿ ಬರೆಯಬಲ್ಲನು. ಬರೆಯಿಸುವ ಹಿರಿಯರು ಕೆಳಗಿನ ಸಂಗತಿಗಳನ್ನು ಅರಿತಿರತಕ್ಕದ್ದು.

1. ಕೀಲಿಕೈ.— ಕೇಳುವವರಾರೆಂಬುದನ್ನು ಗುರುತಿಸಲು ಜಾಲತಾಣವು ಹೆಸರು ನೋಂದಿಸಿದವರಿಗೆ ಅಕ್ಷರ ಅಂಕಿಗಳ ಗುಪ್ತ ಸಾಲೊಂದನ್ನು ಕೊಡುವದು. ಇದೇ ಏ.ಪಿ.ಐ. ಕೀಲಿಕೈ. ಪ್ರತಿಯೊಂದು ವಿನಂತಿಯೊಡನೆ ಇದು ಹೋಗಬೇಕು. ಪರೀಕ್ಷೆಗಾಗಿ ಸಿಗುವ ನಮೂನೆಯ ಕೀಲಿಕೈಯಿಂದ ಒಂದು ಸಲಕ್ಕೆ 10 ದಾಖಲೆಗಳು ಮಾತ್ರ ಬರುವವು. ಆ ಹತ್ತರಲ್ಲಿ ಬ್ಯಾಡಗಿ ಕಾಣದಿದ್ದರೆ ಅಲ್ಲಿ ವ್ಯಾಪಾರವೇ ನಡೆದಿಲ್ಲವೆಂದು ತಿಳಿಯುವದು ತಪ್ಪು. ಆದ್ದರಿಂದ ಸ್ವಂತ ಕೀಲಿಕೈಯನ್ನೇ ಪಡೆಯತಕ್ಕದ್ದು.

2. ಕೀಲಿಕೈಯ ರಕ್ಷಣೆ.— ಅದು ಮನೆತನದ ಮುದ್ರೆಯಿದ್ದಂತೆ. ಅನ್ಯರ ಕೈಸೇರಿದರೆ ಅವರು ಮಾಡಿದ ವಿನಂತಿಗಳೆಲ್ಲ ಧನಿಯ ಹೆಸರಿಗೇ ಬೀಳುವವು. ಆದ್ದರಿಂದ ಅದನ್ನು ಸ್ಕ್ರಿಪ್ಟಿನೊಳಗೆ ಬರೆಯದೆ ಬೇರೊಂದು ಕಡತದಲ್ಲಿಟ್ಟು, ಕೆಲಸ ನಡೆಯುವಾಗ ಸ್ಕ್ರಿಪ್ಟು ಅಲ್ಲಿಂದ ಓದಿಕೊಳ್ಳುವಂತೆ ಮಾಡಬೇಕು. ಆಗ ನೆರೆಯ ಊರವರಿಗೆ ಸ್ಕ್ರಿಪ್ಟನ್ನು ಕೊಟ್ಟರೂ ಕೀಲಿಕೈ ಮನೆಯಲ್ಲಿಯೇ ಉಳಿಯುವದು. ಈ ಜಾಲತಾಣದಲ್ಲಿ ಕೀಲಿಕೈಯು ವಿನಂತಿಯ ವಿಳಾಸದಲ್ಲಿಯೇ ಸೇರಿ ಹೋಗುವದರಿಂದ, ಆ ಪೂರ್ತಿ ವಿಳಾಸವನ್ನಾಗಲಿ, ಅದನ್ನೊಳಗೊಂಡ ದೋಷಸೂಚನೆಯನ್ನಾಗಲಿ ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬಾರದು.

3. ಉತ್ತರದ ಪರೀಕ್ಷೆ.— ಉತ್ತರದೊಡನೆ ಒಂದು ಸಂಖ್ಯೆ ಬರುವದು. 200 ಎಂದರೆ ವಿನಂತಿ ನಡೆಯಿತು. 401 ಅಥವಾ 403 ಎಂದರೆ ಕೇಳುವವನ ಅಧಿಕಾರವು ಒಪ್ಪಿತವಾಗಲಿಲ್ಲ. 429 ಎಂದರೆ ಮಿತಿಮೀರಿ ಕೇಳಲಾಯಿತು. 200 ಅಲ್ಲದ ಉತ್ತರ ಬಂದರೆ ಸ್ಕ್ರಿಪ್ಟು ನಿಂತು ತಪ್ಪನ್ನು ತಿಳಿಸಬೇಕು. ನಿನ್ನೆಯ ಧಾರಣೆಯನ್ನೇ ಇಂದಿನದೆಂದು ತೋರಿಸಬಾರದು. 200 ಬಂದರೂ ಪಟ್ಟಿ ಬರಿದಾಗಿರಬಹುದು. ಬ್ಯಾಡಗಿಯ ಹೆಸರನ್ನು ಇಂಗ್ಲಿಷಿನಲ್ಲಿ ಹಲವು ಬಗೆಯಾಗಿ ಬರೆಯುವರಾದ್ದರಿಂದ, ದಾಖಲೆಯಲ್ಲಿದ್ದ ಅಕ್ಷರಗಳಲ್ಲಿಯೇ ಕೇಳಬೇಕು.

4. ಧಾರಣೆಯ ಓದು.— ಪ್ರತಿ ದಾಖಲೆಯಲ್ಲಿ ಪೇಟೆ, ಮಾಲು, ತಳಿ, ತಾರೀಖುಗಳೂ, ಕ್ವಿಂಟಲಿಗೆ ಇಷ್ಟು ರೂಪಾಯಿಯೆಂದು ಕನಿಷ್ಠ, ಗರಿಷ್ಠ ಮತ್ತು ಮೋಡಲ್ ಧಾರಣೆಗಳೂ ಇರುವವು. ಗರಿಷ್ಠ ಧಾರಣೆಯು ಆಯ್ದ ಮಾಲಿಗೆ ಸಲ್ಲುವಂಥದು. ಅದನ್ನೇ ನಂಬಿ ಹೊರಟವನು ನಿರಾಶನಾಗುವನು. ಹೆಚ್ಚಿನ ವ್ಯವಹಾರ ನಡೆದ ಮೋಡಲ್ ಧಾರಣೆಯನ್ನೂ ತಾರೀಖನ್ನೂ ಮೊದಲು ನೋಡತಕ್ಕದ್ದು. ಕಡ್ಡಿ, ಡಬ್ಬಿ ತಳಿಗಳ ಧಾರಣೆ ಒಂದೇ ಅಲ್ಲವಾದ್ದರಿಂದ ತಳಿಯನ್ನೂ ತಾಳೆ ನೋಡಬೇಕು.

ಒಂದು ಊರಿಗೆ ಇಂಥ ಒಂದು ಸ್ಕ್ರಿಪ್ಟು ಸಾಕು. ಬಂದ ಧಾರಣೆಯನ್ನು ತಾರೀಖಿನೊಡನೆ ಪಂಚಾಯತಿಯ ಹಲಗೆಯ ಮೇಲೆ ಊರ ಹಿರಿಯರು ಬರೆಯಿಸಿದರೆ, ಎರಡೆಕರೆಯ ಒಕ್ಕಲಿಗನಿಗೂ ಅದರ ಪ್ರಯೋಜನ ದೊರೆಯುವದು. ಬೆಳೆದವನು ತನ್ನ ಮಾಲಿನ ಬೆಲೆಯನ್ನು ಕೊಳ್ಳುವವನ ಬಾಯಿಂದಲೇ ಮೊದಲು ಕೇಳುವ ಸ್ಥಿತಿಯು ತಪ್ಪುವದು.